ಪರೀಕ್ಷೆ ಮುಗಿಯುವ ತನಕ

ಗೋಕಾಕ
18 ಆಗಸ್ಟ್ 2024

ಮಗಳೇ ಐಶ್ವರ್ಯಾ,

ನಿನ್ನ ಪತ್ರ ಬಂದು ವಾರವಾಯಿತು. ಉತ್ತರ ತಡವಾಗಿದೆ, ಮುಖ ಊದಿಸಿಕೊಳ್ಳಬೇಡ. ವಾರ್ಡನ್ ಅಕ್ಕೋರ ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಹಿಂದೆ ಹುಡುಗಿಯರ ಸಾಲು ನಿಂತಿರುತ್ತದೆ. ‘ಊಟ ಆತೇನು’ ಎನ್ನುವಷ್ಟರಲ್ಲಿ ನಿನ್ನ ಪಾಳಿ ಮುಗಿಯುತ್ತದೆ. ನಮಗೆ ಈ ಪತ್ರಗಳೇ ಸರಿ.

ನನ್ನ ಕಾಲೇಜಿನ ಸುದ್ದಿ ಕೇಳಿದ್ದೀಯ. ಸಿವಿಲ್ ಇಂಜಿನಿಯರಿಂಗ್ ಓದುವ ಮೂವತ್ತೆಂಟರ ಹೆಂಗಸನ್ನು ಏನೆಂದು ಕರೆಯಬೇಕು ಎನ್ನುವುದು ನಮ್ಮ ಕ್ಲಾಸಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮೊದಲು ಆಂಟಿ ಎಂದರು. ನಾನು ಕಣ್ಣು ಬಿಟ್ಟ ಮೇಲೆ ಅಕ್ಕಾ ಎನ್ನುತ್ತಿದ್ದಾರೆ. ಹೊಸದಾಗಿ ಬಂದ ಲೆಕ್ಚರರ್ ಒಬ್ಬರು ನನ್ನನ್ನು ಯಾರದೋ ತಾಯಿ ಎಂದುಕೊಂಡು, ‘ನಿಮ್ಮ ಮಗಾ ಯಾವ ಸೆಮಿಸ್ಟರ್ ಅದಾನ್ರಿ?’ ಎಂದು ಕೇಳಿದರು. ಕಾಂಕ್ರೀಟ್ ಕ್ಯೂಬ್ ಒಡೆಯುವ ಪ್ರಯೋಗದಲ್ಲಿ ಮಾತ್ರ ನನ್ನ ಕ್ಯೂಬ್ ಎಲ್ಲರದಕ್ಕಿಂತ ಹೆಚ್ಚು ಭಾರ ತಡೆಯಿತು. ಮೂಡಲಗಿಯ ವಿಶಾಲ ಇದ್ದಾನಲ್ಲ, ನನಗೆ ಲೆಕ್ಕ ಹೇಳಿಕೊಡುವ ಹುಡುಗ, ‘ರೊಟ್ಟಿ ಹಿಟ್ಟು ನಾದಿದ ಕೈ ಅಲ್ಲೇನ್ರಿ ಅಕ್ಕಾ’ ಎಂದು ಚಾಷ್ಟಿ ಮಾಡಿದ. ನಾನೂ ನಕ್ಕೆ.

ನಗಲಾರದ ಸುದ್ದಿಯೂ ಒಂದಿದೆ. ರಚನಾ ವಿಶ್ಲೇಷಣೆಯ ಪೇಪರಿನಲ್ಲಿ ಮತ್ತೆ ನಪಾಸಾಗಿದ್ದೇನೆ. ಡಿಸೆಂಬರಿನಲ್ಲಿ ಇನ್ನೊಂದು ಸಲ ಕೂಡಬೇಕು. ಈ ಸಲವೂ ಹೋದರೆ ಕೊನೆಯ ವರ್ಷಕ್ಕೆ ಬಿಡುವುದಿಲ್ಲ. ಡಿಪ್ಲೊಮಾ ಮುಗಿಸಿ, ಲಗ್ನವಾಗಿ, ಹದಿನೈದು ವರ್ಷ ಒಲೆಯ ಮುಂದೆ ಕಳೆದು ಮತ್ತೆ ಪುಸ್ತಕ ಹಿಡಿದವಳಿಗೆ ಇನ್ನೊಂದು ವರ್ಷ ಕಾಯುವ ಧೈರ್ಯ ಇಲ್ಲ.

ಪಾಲಕರ ಸಭೆಗೆ ನಾನು ಬರಲಿಲ್ಲ ಎಂದು ನಿನಗೆ ಬೇಜಾರಾಗಿದೆ. ನೀನು ಹಾಗೆಂದು ಬರೆದಿಲ್ಲ, ಆದರೂ ನನಗೆ ತಿಳಿಯುತ್ತದೆ. ಅಪ್ಪಾ ಬಂದಿದ್ದರಲ್ಲ.

ನಿನ್ನ ಅವ್ವ,
ಲಕ್ಷ್ಮೀ


ಹುಕ್ಕೇರಿ
1 ಸೆಪ್ಟೆಂಬರ್ 2024

ಅವ್ವಾ,

ನನಗೆ ಬೇಜಾರಿಲ್ಲ. ಅಪ್ಪಾ ಬಂದಾಗ ಘಟಪ್ರಭಾದ ನಮ್ಮ ಅಂಗಡಿಯಿಂದ ಪೇರಲಹಣ್ಣು ತಂದಿದ್ದರು. ಎಲ್ಲರಿಗೂ ಹಂಚಿದೆ. ನನ್ನ ಬಾಜೂಕ ಮಲಗುವ ಮೇಘಾ ಎಂಬವಳು ನಾಲ್ಕು ತಿಂದಳು.

ನಾನು ಖೋಖೋ ತಂಡಕ್ಕೆ ಆಯ್ಕೆಯಾಗಿದ್ದೇನೆ. ನಮ್ಮ ಪಿ.ಟಿ. ಸರ್ ನನಗೆ ಜಿಂಕೆ ಎನ್ನುತ್ತಾರೆ.

ಅಜ್ಜಿಗೆ ಹೇಳು, ನಾನು ದಿನಾ ಸ್ನಾನವಾದ ಮೇಲೆ ಟ್ರಂಕಿನ ಮೇಲೆ ಕೂತು ಲಿಂಗಪೂಜೆ ಮಾಡಿಯೇ ನಾಷ್ಟಾಕ್ಕೆ ಹೋಗುತ್ತೇನೆ. ಮೊದಮೊದಲು ಕೆಲವರು ಸುತ್ತ ನಿಂತು ನೋಡುತ್ತಿದ್ದರು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಏನು ಬೇಡುತ್ತೀ ಎಂದು ಮೇಘಾ ಕೇಳಿದಳು. ಅವ್ವ ಪಾಸಾಗಲಿ ಎಂದು ಬೇಡುತ್ತೇನೆ ಎಂದೆ. ಮಕ್ಕಳು ಪಾಸಾಗಲಿ ಎಂದು ಅವ್ವಂದಿರು ಬೇಡುವುದು ನೋಡಿದ್ದೇನೆ, ಇದು ಉಲ್ಟಾ ಆಯಿತಲ್ಲ ಎಂದು ನಕ್ಕಳು.

ಎರಡನೇ ಭಾನುವಾರ ಭೇಟಿ ಇದೆ. ಬರುತ್ತೀಯಾ?

ಐಶ್ವರ್ಯಾ


ಗೋಕಾಕ
29 ಸೆಪ್ಟೆಂಬರ್ 2024

ಐಶ್ವರ್ಯಾ,

ಎರಡನೇ ಭಾನುವಾರ ಬರಲಾಗಲಿಲ್ಲ. ಅರಭಾವಿ ಕಡೆ ಸರ್ವೇ ಕ್ಯಾಂಪ್ ಇತ್ತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನು ಇಟ್ಟು ನೆಲದ ಏರುತಗ್ಗು ಅಳೆಯುವ ಕೆಲಸ. ಸೀರೆ ಉಟ್ಟುಕೊಂಡು ಬದುವಿನ ಮೇಲೆ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರೆ, ದಾರಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ಗಾಡಿ ನಿಲ್ಲಿಸಿ, ‘ಏನ್ ಕಾಣಾಕತ್ತೈತಿ ತಂಗೀ?’ ಎಂದ. ರಸ್ತೆ ಕಾಣಾಕತ್ತೈತಿ ಎಂದೆ. ‘ಇಲ್ಲಿ ರಸ್ತಾ ಎಲ್ಲೈತಿ?’ ಎಂದ. ಮುಂದೆ ಆಗುವ ರಸ್ತೆ ಎಂದು ಹೇಳಿದಾಗ ನನಗೇ ಮೈ ಜುಮ್ಮೆಂದಿತು. ಹದಿನೈದು ವರ್ಷ ನಾನು ಯಾರಿಗೂ ಇಂಥ ಮಾತು ಹೇಳಿರಲಿಲ್ಲ.

ನಿನಗೆ ಇದನ್ನು ಬರೆಯುವಾಗ ಸಂಕೋಚವಾಗುತ್ತದೆ. ನಿನ್ನನ್ನು ವಸತಿ ಶಾಲೆಗೆ ಸೇರಿಸಿದ್ದು ನಿನ್ನ ಒಳ್ಳೆಯದಕ್ಕೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಖರೆ. ನೀನು ಅಲ್ಲಿದ್ದರೆ ನನಗೆ ಓದಲು ಹೊತ್ತು ಸಿಗುತ್ತದೆ ಎನ್ನುವುದೂ ಖರೆ. ಕಲ್ಲೋಳಿಗೆ ಹೋದಾಗಲೆಲ್ಲ ನಿನ್ನ ಅಜ್ಜಿ ಇದನ್ನೇ ಸುತ್ತಿ ಬಳಸಿ ಹೇಳುತ್ತಾರೆ. ನಾನು ಚಹಾ ಮಾಡಲು ಎದ್ದು ಹೋಗುತ್ತೇನೆ.

ದೀಪಾವಳಿಗೆ ನೀನು ಬಂದಾಗ ಬಾಯಿ ತುಂಬ ಮಾತಾಡೋಣ.

ಅವ್ವ


ಹುಕ್ಕೇರಿ
17 ನವೆಂಬರ್ 2024

ಅವ್ವಾ,

ದೀಪಾವಳಿ ಮುಗಿಸಿ ಸುಖವಾಗಿ ಬಂದು ಸೇರಿದೆ. ಒಂದು ವಿಷಯ ಕೇಳಬೇಕಾಗಿತ್ತು. ಒಬ್ಬರ ಹತ್ತಿರ ಒಂದು ವಸ್ತು ಇತ್ತು, ಅದು ಅವರ ತಪ್ಪಿನಿಂದಲೇ ಕಳೆದುಹೋಯಿತು, ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದರೆ ಏನು ಮಾಡಬೇಕು? ಸುಮ್ಮನೆ ಕೇಳುತ್ತಿದ್ದೇನೆ.

ಅಪ್ಪಾನ ಕೈಯಲ್ಲಿ ಬಾಳೆಹಣ್ಣು ಮತ್ತು ಶೇಂಗಾ ಉಂಡಿ ಕಳಿಸುತ್ತೀಯಾ? ಸ್ವಲ್ಪ ಜಾಸ್ತಿಯೇ ಕಳಿಸು. ಇಲ್ಲಿಯ ಊಟ ನನಗೆ ಬೇಡವಾಗಿದೆ.

ನೀನೇ ಬಂದರೆ ಇನ್ನೂ ಚಲೋ. ನೀನೊಬ್ಬಳೇ ಬಾ. ಅಜ್ಜಿಯನ್ನು ಕರೆದುಕೊಂಡು ಬರಬೇಡ. ಭೇಟಿಯ ಭಾನುವಾರವೇ ಆಗಬೇಕೆಂದಿಲ್ಲ, ಅಕ್ಕೋರನ್ನು ಕೇಳಿದರೆ ನಡುವೆಯೂ ಬಿಡುತ್ತಾರಂತೆ.

ಐಶ್ವರ್ಯಾ


ಗೋಕಾಕ
24 ನವೆಂಬರ್ 2024

ಜಾಣೆ ಐಶ್ವರ್ಯಾ,

‘ಒಬ್ಬರು’ ಯಾರು ಎನ್ನುವುದು ನನಗೆ ಗೊತ್ತಾಗುವುದಿಲ್ಲ ಎಂದುಕೊಂಡೆಯಾ? ಕಂಪಾಸ್ ಪೆಟ್ಟಿಗೆ ಕಳೆದುಕೊಂಡಿದ್ದೀಯ. ಹೋದ ವರ್ಷವೂ ಕಳೆದಿದ್ದೆ. ನಾನು ಬೈಯುವುದಿಲ್ಲ. ಡಿಸೆಂಬರ್ ಹನ್ನೆರಡಕ್ಕೆ ನನ್ನ ಪೇಪರ್. ಅದು ಮುಗಿದ ಮರುದಿನವೇ ಹೊಸದನ್ನು ತಂದುಕೊಡುತ್ತೇನೆ. ಅಲ್ಲಿಯ ತನಕ ಅದಿಲ್ಲದೆ ಹೇಗೋ ನಡೆಸು, ದೊಡ್ಡವಳಾಗಿದ್ದೀಯ.

ಬಾಳೆಹಣ್ಣು, ಉಂಡಿ ಕಳಿಸಿದ್ದೇನೆ. ಆದರೆ ಹಾಸ್ಟೆಲ್ಲಿನ ಊಟಕ್ಕೆ ಮೂಗು ಮುರಿಯುವುದು ಒಳ್ಳೆಯ ರೂಢಿಯಲ್ಲ. ದೀಪಾವಳಿಯಲ್ಲಿ ಹೋಳಿಗೆ ತಿಂದ ನಾಲಿಗೆಗೆ ಈಗ ಅನ್ನ ಸಾರು ಸೇರುತ್ತಿಲ್ಲ, ಅಷ್ಟೇ. ಅಜ್ಜಿ ಬೇಡ ಎಂದಿದ್ದೀಯ. ಅವರು ಬಂದರೆ ಉಣ್ಣಿಸದೆ ಬಿಡುವುದಿಲ್ಲ, ಅದಕ್ಕೇ ತಾನೆ?

ನಡುವೆ ಬರಲು ಆಗುವುದಿಲ್ಲ ಮಗಳೇ. ಬೆಳಿಗ್ಗೆ ಕಾಲೇಜು, ಸಂಜೆ ವಿಶಾಲನ ಜೊತೆ ಲೆಕ್ಕ. ಯಾವ ಕಂಬಕ್ಕೆ ಎಷ್ಟು ಭಾರ ಎಂದು ಹುಡುಕುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ಇನ್ನು ಸ್ವಲ್ಪವೇ ದಿನ.

ಅವ್ವ


ಹುಕ್ಕೇರಿ
1 ಡಿಸೆಂಬರ್ 2024

ಅವ್ವಾ,

ಸರಿ. ನೀನು ಬರುವ ತನಕ ನಡೆಸುತ್ತೇನೆ.

ಬಾಳೆಹಣ್ಣು ಮುಗಿದಿವೆ. ಭೇಟಿಗೆ ಬರುವಾಗ ಅಪ್ಪಾ ಮತ್ತೆ ತರಲಿ. ಖೋಖೋ ತಂಡದಿಂದ ಹೆಸರು ತೆಗೆಸಿದ್ದೇನೆ. ಓಡಲು ಮನಸ್ಸಿಲ್ಲ.

ನೀನು ಚೆನ್ನಾಗಿ ಓದು. ಈಗ ನಾನು ನಿನಗೋಸ್ಕರ ಬೇಡಿಕೊಳ್ಳಲು ಆಗುತ್ತಿಲ್ಲ. ಅದಕ್ಕೆ ನೀನೇ ಸ್ವಲ್ಪ ಜಾಸ್ತಿ ಓದು.

ಐಶ್ವರ್ಯಾ


ಗೋಕಾಕ
9 ಡಿಸೆಂಬರ್ 2024

ಐಶ್ವರ್ಯಾ,

ಅವಸರದಲ್ಲಿ ನಾಲ್ಕು ಸಾಲು. ನಿನ್ನೆ ಅಪ್ಪಾ ಬಂದಿದ್ದರಲ್ಲ, ಮಗಳು ಸೊರಗಿದ್ದಾಳೆ ಎಂದರು. ಈ ವಯಸ್ಸಿನಲ್ಲಿ ಎತ್ತರ ಬೆಳೆಯುವ ಹುಡುಗಿಯರೆಲ್ಲ ಹಾಗೇ ಕಾಣುತ್ತಾರೆ ಎಂದು ನಾನು ಹೇಳಿದೆ. ಖೋಖೋ ಬಿಟ್ಟಿದ್ದು ಒಳ್ಳೆಯದೇ ಆಯಿತು, ಓದಿನ ಕಡೆ ಗಮನ ಕೊಡು. ಬೇಡಿಕೊಳ್ಳಲು ಪುರುಸೊತ್ತಿಲ್ಲದಷ್ಟು ಓದುತ್ತಿದ್ದೀಯ ಎಂದುಕೊಂಡು ಖುಷಿಪಟ್ಟೆ.

ಗುರುವಾರ ನನ್ನ ಪೇಪರ್. ಶುಕ್ರವಾರ ನಿನ್ನ ಮುಂದೆ ಇರುತ್ತೇನೆ.

ಅವ್ವ


ಗೋಕಾಕ
18 ಡಿಸೆಂಬರ್ 2024

ಐಶ್ವರ್ಯಾ,

ಈ ಪತ್ರವನ್ನು ಕಲ್ಲೋಳಿಗೆ, ಅಜ್ಜಿಯ ಮನೆಗೆ ಬರೆಯುತ್ತಿದ್ದೇನೆ. ಆಸ್ಪತ್ರೆಯಿಂದ ನೀನು ಮನೆಗೆ ಬಾರದೆ ಅಲ್ಲಿಗೇ ಹೋದೆ, ಎಂದೂ ಹೀಗಾಗಿರಲಿಲ್ಲ. ಕಲ್ಲೋಳಿ ಏನು ದೂರವೇ, ಮೂಡಲಗಿ ಬಸ್ಸು ಹತ್ತಿದರೆ ಬರಬಹುದು. ಎರಡು ಸಲ ಬಂದೆ. ಎರಡು ಸಲವೂ ನೀನು ಕಣ್ಣು ಮುಚ್ಚಿ ಮಲಗಿದ್ದೆ. ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು. ನಾನು ಹೊರಟಾಗ ನೀನು ಅಜ್ಜಿಯನ್ನು ನೀರು ಕೇಳಿದ್ದು ಬಾಗಿಲಿನ ತನಕ ಕೇಳಿಸಿತು.

ಗುರುವಾರ ಹುಕ್ಕೇರಿಯ ಆಸ್ಪತ್ರೆಗೆ ನಾನು ಬಂದಾಗ ನಿನ್ನ ಕೈಗೆ ಸಲಾಯಿನ್ ಹಾಕಿದ್ದರು. ಬೆಳಿಗ್ಗೆ ಪ್ರಾರ್ಥನೆಗೆ ನಿಂತಲ್ಲೇ ಬಿದ್ದೆಯಂತೆ. ನೀನು ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದೆ. ಹುಡುಗಿ ತಿಂಗಳಿಂದ ಸರಿಯಾಗಿ ಉಂಡಿಲ್ಲ ಎಂದು ಡಾಕ್ಟರ್ ಹೇಳಿದಾಗ ನನ್ನ ಮೈಮೇಲೆ ಕುದಿನೀರು ಸುರಿದಂತಾಯಿತು. ಮೂಗು ಮುರಿಯಬೇಡ ಎಂದು ಬರೆದವಳು ನಾನು. ಯಾಕೆ ಉಣ್ಣಲಿಲ್ಲ ಎಂದು ಎಲ್ಲರೂ ಕೇಳಿದರು. ನೀನು ಅಜ್ಜಿಯ ಕಿವಿಯಲ್ಲಿ ಮಾತ್ರ ಹೇಳಿದೆ. ಅಜ್ಜಿ ಅಳುತ್ತಾರೆಯೇ ಹೊರತು ನನಗೆ ಏನೂ ಹೇಳುವುದಿಲ್ಲ.

ಅಪ್ಪಾ ನನಗೆ ತಿಳಿಸಲಿಲ್ಲ. ಪರೀಕ್ಷೆ ಬರೆದು ಹೊರಗೆ ಬಂದ ಮೇಲೆಯೇ ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ನಾನು ಅಲ್ಲಿ ಕೂತು ಬರೆಯುತ್ತಿದ್ದೆನೇ?

ಕಾಲೇಜು ಬಿಟ್ಟುಬಿಡುತ್ತೇನೆ. ನೀನು ಮನೆಗೆ ಬಾ, ಇಲ್ಲಿಯೇ ಸಾಲಿಗೆ ಹೋಗು. ಒಂದು ಮಾತು ಬರೆ ಸಾಕು.

ಅವ್ವ


ಕಲ್ಲೋಳಿ
24 ಡಿಸೆಂಬರ್ 2024

ಅವ್ವಾ,

ಈಗ ದಿನಾಲೂ ಉಣ್ಣುತ್ತಿದ್ದೇನೆ. ಅಜ್ಜಿ ಜೋಳದ ನುಚ್ಚು, ಮಜ್ಜಿಗೆ ಕೊಡುತ್ತಾಳೆ.

ಕಳೆದದ್ದು ಕಂಪಾಸ್ ಪೆಟ್ಟಿಗೆ ಅಲ್ಲ. ನನ್ನ ಇಷ್ಟಲಿಂಗ. ದೀಪಾವಳಿಯಲ್ಲಿ ಅಜ್ಜಿ ಹೊಸ ಶಿವದಾರ ಕೊಟ್ಟಿದ್ದಳು. ಕೊರಳಿಗೆ ಕಟ್ಟಿಕೊಡು ಎಂದು ನಿನ್ನ ಹತ್ತಿರ ತಂದೆ. ನೀನು ಪುಸ್ತಕದಿಂದ ತಲೆ ಎತ್ತದೆ ‘ತಡಿ’ ಎಂದೆ. ತಡೆದೆ. ಆಮೇಲೆ ನಾನೇ ಗಂಟು ಹಾಕಿಕೊಂಡೆ. ಖೋಖೋ ಆಡುವಾಗ ಬಿಚ್ಚಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಮೈದಾನವೆಲ್ಲ ನಾನೂ ಮೇಘಾನೂ ಹುಡುಕಿದೆವು. ಗಂಟೆ ಹೊಡೆದರು.

ಲಿಂಗ ಮೈಮೇಲೆ ಇಲ್ಲದಿದ್ದರೆ ಬಾಯಿಗೆ ಅನ್ನ ಹಾಕಬಾರದು ಎಂದು ದೀಕ್ಷೆಯ ದಿನ ಅಜ್ಜಿ ಹೇಳಿದ್ದಳು. ಪೂಜೆಯಿಲ್ಲದೆ ಹೇಗೆ ಉಣ್ಣಲಿ? ಉಪವಾಸದ ದಿನ ನೀವೆಲ್ಲ ಬಾಳೆಹಣ್ಣು, ಶೇಂಗಾ ತಿನ್ನುತ್ತೀರಲ್ಲ, ಅದು ನಡೆಯುತ್ತದೆ ಎಂದು ನಾನೇ ಅಂದುಕೊಂಡೆ. ತಟ್ಟೆಯಲ್ಲಿದ್ದದ್ದನ್ನು ಯಾರೂ ನೋಡದ ಹಾಗೆ ಮೇಘಾಳಿಗೆ ಹಾಕುತ್ತಿದ್ದೆ. ಹೊಟ್ಟೆ ನೋವು ಎಂದು ಅವಳಿಗೂ ಸುಳ್ಳು ಹೇಳಿದ್ದೆ. ಅವಳ ಮೇಲೆ ಸಿಟ್ಟು ಮಾಡಬೇಡ. ಅಕ್ಕೋರಿಗೆ ಹೇಳಿದರೆ ಅಜ್ಜಿಗೆ ಮುಟ್ಟುತ್ತದೆ ಎಂದು ಹೆದರಿಕೆ. ನಿನಗೆ ಎದುರಿಗೆ ಹೇಳೋಣ ಎಂದಿದ್ದೆ. ಬರುವ ತನಕ ನಡೆಸು ಎಂದು ನೀನು ಬರೆದೆ. ನಡೆಸಿದೆ.

ಆಸ್ಪತ್ರೆಯಲ್ಲಿ ಅಜ್ಜಿ ನನ್ನ ಕಾಲು ಹಿಡಿದುಕೊಂಡು ಅತ್ತಳು. ‘ಅಂಜಿಸಾಕ ಹೇಳಿದ್ನೆವ್ವಾ. ಹಸದಿರೂ ಕೂಸಿಗೆ ಉಣಬ್ಯಾಡ ಅನ್ನೂ ದೇವರು ನಮ್ಮಲ್ಲಿ ಇಲ್ಲ’ ಎಂದಳು. ಮೂರನೆಯ ದಿನ ಅಯ್ಯನವರು ಬಂದು ಹೊಸ ಲಿಂಗ ಕಟ್ಟಿದರು. ಅವರೂ ಬೈಯಲಿಲ್ಲ.

ಅವ್ವಗ ಹೇಳಬ್ಯಾಡ್ರಿ, ಆಕೀದು ಪರೀಕ್ಷಾ ಐತಿ ಎಂದು ಅಪ್ಪಾನಿಗೆ ಹೇಳಿದ್ದು ನಾನೇ. ಆದರೆ ವಾರ್ಡನ್ ಅಕ್ಕೋರು ಇಲ್ಲಿಗೆ ನೋಡಲು ಬಂದಿದ್ದರು. ಅಪ್ಪಾನಿಗಿಂತ ಮೊದಲು ನಿನಗೆ ಎರಡು ಸಲ ಫೋನ್ ಮಾಡಿದ್ದರಂತೆ. ನೀನು ಎತ್ತಲಿಲ್ಲವಂತೆ. ಅದು ನಿನಗೆ ಕಂಡಿತ್ತೇ? ಕಂಡಿರಲಿಲ್ಲ ಎಂದರೆ ಹಾಗೆಂದು ಬರೆ, ನಾನು ನಂಬುತ್ತೇನೆ. ಮೊದಲೇ ಗೊತ್ತಿದ್ದರೆ ಬರುತ್ತಿದ್ದೆ ಎಂದು ಬರೆದಿದ್ದೀಯ. ಖರೆ ಬರುತ್ತಿದ್ದೆಯಾ?

ಕಾಲೇಜು ಬಿಡು ಎಂದು ನಾನು ಎಂದೂ ಹೇಳಿಲ್ಲ.

ಐಶ್ವರ್ಯಾ


ಗೋಕಾಕ
30 ಡಿಸೆಂಬರ್ 2024

ಐಶ್ವರ್ಯಾ,

ಕಂಡಿತ್ತು.

ಪರೀಕ್ಷೆಯ ಕೋಣೆಯ ಹೊರಗೆ ಬೇವಿನ ಮರದ ಕೆಳಗೆ ವಿಶಾಲನ ಜೊತೆ ಕೊನೆಯ ಲೆಕ್ಕ ನೋಡುತ್ತಿದ್ದೆ. ಫೋನ್ ಬಂತು, ಶಾಲೆಯ ನಂಬರ್ ಎಂದು ನೋಡಿದೆ. ಮತ್ತೆ ಬಾಳೆಹಣ್ಣು ಇರಬೇಕು ಎಂದುಕೊಂಡೆ. ಇನ್ನೊಮ್ಮೆ ಬಂತು. ‘ಯಾರದ್ರೀ ಅಕ್ಕಾ?’ ಎಂದ ವಿಶಾಲ. ‘ಮಗಳದು, ಆಮ್ಯಾಲ ಮಾತಾಡಿದರಾತು’ ಎಂದು ಬಂದ್ ಮಾಡಿ ಚೀಲದಲ್ಲಿ ಹಾಕಿದೆ. ಅಪ್ಪಾ ತಿಳಿಸಲಿಲ್ಲ ಎಂದು ಬರೆದು ತಪ್ಪನ್ನು ಅವರ ಮೇಲೆ ಹಾಕಿದ್ದೆ. ನೀನು ಅವರ ಬಾಯಿ ಕಟ್ಟಿಸಿದ್ದು ನನಗೋಸ್ಕರ ಎಂದು ಗೊತ್ತಿದ್ದೂ ಹಾಗೆ ಬರೆದೆ.

ಇನ್ನು ನಿನ್ನ ಎರಡನೆಯ ಪ್ರಶ್ನೆ. ಓಡಿ ಬರುತ್ತಿದ್ದೆ ಎಂದು ಬರೆದೆ, ಓದಿ ನೋಡಿದೆ, ಹರಿದು ಹಾಕಿದೆ. ಇನ್ನೊಂದು ಹಾಳೆಯಲ್ಲಿಯೂ ಅದನ್ನೇ ಬರೆದು ಹರಿದೆ. ನಿನಗೆ ಸುಳ್ಳು ಬರೆದು ಬರೆದು ಇಲ್ಲಿಗೆ ಬಂದಿದ್ದೇವೆ. ಆ ಹೊತ್ತಿಗೆ ಫೋನ್ ಎತ್ತಿದ್ದರೆ, ನೀನು ಬಿದ್ದಿದ್ದೀಯ ಎಂದು ಕೇಳಿದ್ದರೆ, ನಾನು ಮೊದಲು ಕೇಳುತ್ತಿದ್ದುದು ಒಂದೇ ಮಾತು. ‘ಮೂರು ತಾಸಿನ ತನಕ ತಡೀಬಹುದೇನ್ರಿ? ಪೇಪರ್ ಮುಗಿಸಿ ಬರ್ತೇನಿ.’ ಅವರು ತಡೀಬಹುದು ಎಂದಿದ್ದರೆ ಒಳಗೆ ಹೋಗಿ ಬರೆಯುತ್ತಿದ್ದೆ. ಆಗುವುದಿಲ್ಲ ಎಂದಿದ್ದರೆ ಬರುತ್ತಿದ್ದೆ. ಆದರೆ ಕೇಳುತ್ತಿದ್ದೆ ಮಗಳೇ. ನಿನ್ನ ಜೀವದ ಸುದ್ದಿಯನ್ನು ಮೂರು ತಾಸು ತಡೆಯುತ್ತದೆಯೇ ಎಂದು ಕೇಳುವ ತಾಯಿ ನಾನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಇನ್ನೂ ನಾಚಿಕೆಯ ಮಾತೆಂದರೆ ಪೇಪರ್ ಚೆನ್ನಾಗಿ ಹೋಗಿದೆ. ಎಲ್ಲ ಲೆಕ್ಕ ಬಂದವು. ನೀನು ಪ್ರಾರ್ಥನೆಯ ಸಾಲಿನಲ್ಲಿ ಬಿದ್ದಿದ್ದ ಬೆಳಿಗ್ಗೆ ನಾನು ಖುಷಿಯಿಂದ ಬರೆದಿದ್ದೇನೆ. ಪಾಸಾದರೆ ಎಲ್ಲರೂ ಪೇಢೆ ಕೇಳುತ್ತಾರೆ. ಏನು ಮಾಡಲಿ ತಿಳಿಯದು.

ಹಸಿವಾದಾಗ ಉಣ್ಣಬೇಕು, ಉಳಿದದ್ದನ್ನು ಆಮೇಲೆ ನೋಡಿಕೊಳ್ಳೋಣ ಎಂದು ನಿನಗೆ ಹೇಳಿಕೊಡಬೇಕಾದವಳು ನಾನು. ಅಜ್ಜಿ ತನಗೆ ತಿಳಿದದ್ದನ್ನು ಹೇಳಿಕೊಟ್ಟರು. ನಾನು ಏನನ್ನೂ ಹೇಳಿಕೊಡಲಿಲ್ಲ. ನನ್ನ ಪೂಜೆಯೂ ಈಚೆಗೆ ಬಸ್ಸಿಗೆ ಹೊತ್ತಾಯಿತು ಎನ್ನುವ ಪೂಜೆಯೇ.

ಕಾಲೇಜು ಬಿಡುತ್ತೇನೆ ಎಂದು ಬರೆದದ್ದೂ ಒಂದು ಆಟವಾಗಿತ್ತು. ಬಿಡಬೇಡ ಎಂದು ನಿನ್ನ ಬಾಯಿಂದ ಬರಲಿ, ನನ್ನ ಮನಸ್ಸು ಹಗುರಾಗಲಿ ಎಂದು. ನಾನು ಬಿಡುವುದಿಲ್ಲ. ನನಗೆ ಇಂಜಿನಿಯರ್ ಆಗಬೇಕಾಗಿದೆ. ನನಗೆ ನೀನೂ ಬೇಕು. ಆ ಬೆಳಿಗ್ಗೆ ನಿನ್ನನ್ನು ಹಿಂದಕ್ಕೆ ಸರಿಸಿದೆ, ಇದಕ್ಕೆ ಬೇರೆ ಹೆಸರಿಲ್ಲ. ಮನೆಯಿಂದ ಸಾಲಿಗೆ ಹೋಗುವುದಾದರೆ ಬಾ, ಹಾಸ್ಟೆಲ್ಲೇ ಇರಲಿ ಎಂದರೆ ಇರು. ಈ ಸಲ ನೀನು ಹೇಳಿದಂತೆ.

ಲಕ್ಷ್ಮೀ, ನಿನ್ನ ಅವ್ವ


ಹುಕ್ಕೇರಿ
6 ಜನವರಿ 2025

ಅವ್ವಾ,

ಹೊಸ ವರ್ಷದ ಮರುದಿನ ಅಪ್ಪಾ ನನ್ನನ್ನು ಇಲ್ಲಿಗೆ ಬಿಟ್ಟು ಹೋದರು. ನಾನೇ ಬಿಡ್ರಿ ಎಂದೆ. ಇಲ್ಲಿ ಮೇಘಾ ಇದ್ದಾಳೆ. ಈಗ ಅಕ್ಕೋರು ನನ್ನನ್ನು ತಮ್ಮ ಎದುರಿಗೇ ಕೂಡಿಸಿಕೊಂಡು ಉಣ್ಣಿಸುತ್ತಾರೆ. ಎರಡು ರೊಟ್ಟಿ ತಿನ್ನುತ್ತೇನೆ.

ನಿನ್ನ ಪತ್ರ ಕಲ್ಲೋಳಿಯಲ್ಲಿಯೇ ಸಿಕ್ಕಿತ್ತು. ಕಂಡಿರಲಿಲ್ಲ ಎಂದು ಬರೆಯುತ್ತೀ ಎಂದುಕೊಂಡಿದ್ದೆ. ಓದಿ ಬಹಳ ಸಿಟ್ಟು ಬಂತು. ಏನು ಬರೆದಾಳ ಎಂದು ಅಜ್ಜಿ ಕೇಳಿದಳು, ನಾನು ಪತ್ರ ಮಡಚಿ ಚೀಲದಲ್ಲಿ ಇಟ್ಟೆ. ಆಮೇಲೆ ಇಲ್ಲಿಗೆ ಬಂದು ಮತ್ತೆ ಓದಿದೆ. ಸಿಟ್ಟು ಇನ್ನೂ ಇದೆ. ಆದರೆ ನೀನು ಹೇಳುವುದೆಲ್ಲ ಖರೆಯೋ ಸುಳ್ಳೋ ಎಂದು ಯೋಚಿಸುತ್ತ ಮಲಗುವುದು ನಿಂತಿದೆ.

ಬರುವ ಭಾನುವಾರ ಭೇಟಿ ಇದೆ. ಊಟದ ಹೊತ್ತಿಗೆ ಬಾ. ಪುಸ್ತಕ ತರಬೇಡ. ಬಂದು ಕ್ಷಮಿಸು ಎಂದು ಮಾತ್ರ ಕೇಳಬೇಡ ಅವ್ವಾ. ನೀನು ಕೇಳಿದರೆ ನಾನು ಹೂಂ ಎನ್ನಬೇಕಾಗುತ್ತದೆ. ನನಗೆ ಇನ್ನೂ ಆಗಿಲ್ಲ.

ಐಶ್ವರ್ಯಾ